ಬಜಾಜ್ ನಗರದ ಬಳೆಯಷ್ಟು ತೋಟ

ನಾಗಪುರಕ್ಕೆ ಹೋಗುತ್ತೇನೆ ಎಂದ ಕೂಡಲೇ ಧಾರವಾಡದ ನಮ್ಮ ಓಣಿಯವರೆಲ್ಲ ಕಿತ್ತಳೆ ತರಲು ಹೇಳಿದರು. ಸೆಪ್ಟೆಂಬರಿನಲ್ಲಿ ಕಿತ್ತಳೆ ಇನ್ನೂ ಗಿಡದಲ್ಲೇ ಹಸಿರಾಗಿ ಕೂತಿರುತ್ತದೆ ಎಂದರೆ ಒಬ್ಬರೂ ನಂಬಲಿಲ್ಲ. ಯಾಕೆ ಹೊರಟಿದ್ದೀರಿ ಎಂದು ಕೇಳಿದವರು ಕಡಿಮೆ. ಕೇಳಿದವರಿಗೆ, ಸಣ್ಣ ಮಕ್ಕಳಿಗೆ ಬಯಲಿನ ಹೂವು ತೋರಿಸಲಿಕ್ಕೆ ಎಂದು ಹೇಳಿದಾಗ ಅವರು ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ.

ನಾನು ಪ್ರಾಥಮಿಕ ಶಾಲೆಯಲ್ಲಿ ದುಡಿದು ನಿವೃತ್ತಳಾದವಳು. ಒಂದನೇ ಇಯತ್ತೆಯ ಮಕ್ಕಳನ್ನು ಮಳೆಗಾಲ ಮುಗಿಯುತ್ತಲೇ ಶಾಲೆಯ ಹಿಂದಿನ ಬದುವಿಗೆ ಕರೆದೊಯ್ದು ಹೂವು ತೋರಿಸುವುದು ನನ್ನ ಹಳೆಯ ಚಟ. ನನ್ನ ತಂಗಿ ಗಿರಿಜಾ ಅದನ್ನು ಮರೆತಿರಲಿಲ್ಲ. ಅವಳ ಗಂಡ ಶಿವಾನಂದನಿಗೆ ನಾಗಪುರದ ಸಿವಿಲ್ ಲೈನ್ಸ್‌ನ ಒಂದು ಕೇಂದ್ರ ಸರ್ಕಾರಿ ಕಚೇರಿಗೆ ವರ್ಗವಾಗಿ ಬಹಳ ವರ್ಷಗಳಾಗಿದ್ದವು. ಬಜಾಜ್ ನಗರದಲ್ಲಿ ಮನೆ. ಅಲ್ಲೇ ಹತ್ತಿರ ಕನ್ನಡಿಗರ ಸಂಘಕ್ಕೊಂದು ಹಾಲ್ ಇತ್ತು, ಆ ಹಾಲಿನಲ್ಲಿ ಗಿರಿಜಾ ಬೆಳಿಗ್ಗೆ ಬಾಲವಾಡಿ ನಡೆಸುತ್ತಿದ್ದಳು. ಬ್ಯಾಂಕು, ರೈಲ್ವೆ, ಮದ್ದುಗುಂಡಿನ ಕಾರ್ಖಾನೆ ಎಂದು ಬಂದು ನೆಲೆಸಿದ ನಮ್ಮವರ ಮಕ್ಕಳು ಅಲ್ಲಿಗೆ ಬರುತ್ತಿದ್ದರು.

ಹಾಲಿನ ಪಕ್ಕದಲ್ಲಿ ಸಂಘದ್ದೇ ಒಂದು ಖಾಲಿ ಜಾಗ. ಅದಕ್ಕೆ ಸಿಮೆಂಟು ಹಾಕಿಸಿ ಮದುವೆ ಊಟಕ್ಕೆ ಬಾಡಿಗೆ ಕೊಡಬೇಕೆಂದು ಸಂಘದವರ ಯೋಚನೆ. ಮಕ್ಕಳಿಗೆ ಹೊರಗೆ ಕಾಲಿಡಲು ಇರುವುದು ಅದೊಂದೇ ಮಣ್ಣು ಎಂದು ಗಿರಿಜಾ ಅಡ್ಡ ನಿಂತಿದ್ದಳು. ಮುಂದಿನ ರವಿವಾರ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡುವುದೆಂದು ನಿಶ್ಚಯವಾದಾಗ ಅವಳು ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಳು. “ಅಕ್ಕಾ, ನೀ ಬಾ. ಮೂರು ದಿನ ಹುಡುಗ್ರಿಗೆ ಅಲ್ಲಿ ಹೂವು ತೋರಸು. ರವಿವಾರ ಹುಡುಗ್ರು ತಮ್ಮ ಅವ್ವಾ ಅಪ್ಪಗ ತೋರಸ್ಲಿ. ಕಣ್ಣಿಲೆ ನೋಡಿದ್ರ ಅವರ ಕೈ ಸಿಮೆಂಟಿಗೆ ಏಳೂದಿಲ್ಲ.” ಅವಳು ಯಾವತ್ತೂ ಏನನ್ನೂ ಕೇಳುವವಳಲ್ಲ. ನಾನು ಹೊರಟೆ.

ಹುಬ್ಬಳ್ಳಿಯಿಂದ ಸಿಕಂದರಾಬಾದಿಗೆ ಒಂದು ರೈಲು, ಅಲ್ಲಿ ಸ್ಟೇಷನ್ನಿನಲ್ಲೇ ಮುಖ ತೊಳೆದು ದಿಲ್ಲಿ ಕಡೆಗೆ ಹೋಗುವ ಇನ್ನೊಂದು ರೈಲು. ಕಾಜೀಪೇಟೆಯಲ್ಲಿ ಕೊಂಡ ಮೊಸರನ್ನದಲ್ಲಿ ಮೊಸರು ಹುಡುಕಬೇಕಾಗಿತ್ತು. ಬಲ್ಲಾರಶಾ ದಾಟಿದ ಮೇಲೆ ನಮ್ಮ ಕಡೆಯಂಥದೇ ಕಪ್ಪು ಎರೆ, ಹತ್ತಿ ಹೊಲ. ಮಳೆ ನಿಂತು ಕೆಲವು ದಿನವಾಗಿರಬೇಕು, ಬದುಗಳ ಮೇಲೆ ತಗಚೆ ಹಳದಿಯಾಗಿ ಹೂಬಿಟ್ಟಿತ್ತು. ಕಿಟಕಿಯಲ್ಲಿ ಅದನ್ನು ನೋಡುತ್ತ ಬಂದ ನನಗೆ ಈ ಕೆಲಸ ಆಗುತ್ತದೆ ಎಂಬ ಧೈರ್ಯ ಬಂತು.

ಸಂಜೆಯ ಹೊತ್ತಿಗೆ ನಾಗಪುರ. ಬಾಗಿಲು ತೆರೆದ ಕೂಡಲೇ ಬಚ್ಚಲಿನಂಥ ಸೆಕೆ ಮುಖಕ್ಕೆ ಹೊಡೆಯಿತು. ಶಿವಾನಂದ ಪ್ಲಾಟ್‌ಫಾರ್ಮಿಗೇ ಬಂದಿದ್ದ. ನನ್ನ ಚೀಲ ಹೊತ್ತು ನಡೆದು, ಆಟೋದವನೊಡನೆ ಹಿಂದಿಯಲ್ಲಿ ಗುದ್ದಾಡಿ ನಲವತ್ತಕ್ಕೆ ಒಪ್ಪಿಸಿದ. ನಾನು ಹತ್ತಲು ಹೋದರೆ ತಡೆದು, ಜೇಬಿನಿಂದ ಕರವಸ್ತ್ರ ತೆಗೆದು ಆಟೋದ ಸೀಟು ಒರೆಸಿದ. ಆಮೇಲೆ ಹಿಡಿಕೆ ಒರೆಸಿದ. “ಹಾಂ, ಈಗ ಕೂಡ್ರಿ ಅಕ್ಕಾವ್ರ” ಎಂದ. ಅವನ ಸ್ವಭಾವವೇ ಹಾಗೆ. ಮನೆಯಲ್ಲಿ ಅವನ ಸ್ಕೂಟರಿನ ಚಕ್ರದ ಕಡ್ಡಿಗಳನ್ನು ನೋಡಿದರೆ ನಮ್ಮ ಮನೆಯ ದೇವರ ಸಾಮಾನೂ ನಾಚಬೇಕು. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ನನಗೆ ಈ ಕಥನ ಬರೆಯುವುದು ಸುಲಭವಾಗುತ್ತಿತ್ತು.

ಮರುದಿನ ಗುರುವಾರ. ಬೆಳಿಗ್ಗೆ ಖಾರದ ರಸ ಸುರಿದ ಅವಲಕ್ಕಿ, ಅಲ್ಲಿಯವರ ತರ್ರಿ ಪೋಹೆ ತಿಂದು, ಕಣ್ಣೀರು ಒರೆಸಿಕೊಳ್ಳುತ್ತ ಗಿರಿಜಾಳೊಂದಿಗೆ ಆ ಜಾಗಕ್ಕೆ ಹೋದೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ, ಮೊಣಕಾಲೆತ್ತರದ ಹಸಿರು. ಬಗ್ಗಿ ನೋಡಿದರೆ ತುಂಬೆ, ಗಬ್ಬುಶಾವಂತಿ, ತಗಚೆ, ನಲ್ಲಿಯ ಹತ್ತಿರದ ತೇವದಲ್ಲಿ ಕನ್ನೆಸೊಪ್ಪಿನ ನೀಲಿ ಹೂವು. ಗೋಡೆಯ ತುಂಬ ಶಂಖಪುಷ್ಪದ ಬಳ್ಳಿ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಧಾರವಾಡದ ಬದುವಿನಲ್ಲಿ ನಾನು ವರ್ಷವರ್ಷ ಕಂಡ ಹೂವುಗಳೇ ಇಷ್ಟು ದೂರ ಬಂದು ಕೂತಿದ್ದವು. ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು.

ಮಕ್ಕಳು ಮಾತ್ರ ಅಂಚಿನಲ್ಲೇ ನಿಂತರು. ಬೂಟು ಹಾಕಿಕೊಂಡ ಕಾಲು ಹುಲ್ಲಿಗೆ ಇಡಲೊಲ್ಲರು. “ಆಜೀ, ಕೀಡಾ ಹೈ” ಎಂದು ಒಬ್ಬ ಹುಳಕ್ಕೆ ಹೆದರಿ ಚೀರಿದ. ಆ ಹೂವಿಗೆ ಏನನ್ನುತ್ತೀರಿ ಎಂದು ಕೇಳಿದೆ. “ಫೂಲ್” ಎಂದರು. ಈ ಹೂವಿಗೆ? “ಫೂಲ್.” ಕನ್ನಡ, ಮರಾಠಿ, ಹಿಂದಿ ಮೂರನ್ನೂ ಕಲಸಿ ಮಾತಾಡುವ ಮಕ್ಕಳಿಗೆ ಮೂರರಲ್ಲೂ ಒಂದೇ ಒಂದು ಹೂವಿನ ಹೆಸರು ಗೊತ್ತಿರಲಿಲ್ಲ. ಅವರ ತಪ್ಪಲ್ಲ. ಮನೆಯಲ್ಲಿ ಹೇಳುವವರಿಗೆ ಪುರುಸೊತ್ತಿಲ್ಲ.

ಇಂಥಲ್ಲಿ ನನ್ನದೊಂದು ಹಳೆಯ ಉಪಾಯವಿದೆ. ಗಿರಿಜಾ ಓಣಿಯ ಮನೆಮನೆಯಿಂದ ಹಳೆಯ ಪ್ಲಾಸ್ಟಿಕ್ ಬಳೆಗಳನ್ನು ಕೂಡಿಸಿ ಇಟ್ಟಿದ್ದಳು. ಮಗುವಿಗೊಂದು ಬಳೆ ಕೊಟ್ಟು, ಕಣ್ಣು ಮುಚ್ಚಿ ಎಸೆಯಲು ಹೇಳುವುದು. ಎಲ್ಲಿ ಬಿತ್ತೋ ಅದೇ ಅವರ ತೋಟ. ಅಲ್ಲಿ ಮಂಡಿಯೂರಿ ಕೂತು ಬಳೆಯ ಒಳಗೆ ಏನೇನಿದೆ ನೋಡಬೇಕು, ಮುಟ್ಟಬೇಕು, ಮೂಸಬೇಕು. ಕೀಳಬಾರದು. ಉದುರಿದ್ದನ್ನು ಮಾತ್ರ ತೆಗೆದುಕೊಳ್ಳಬಹುದು. ಮಕ್ಕಳಿಗೆ ತಮ್ಮದು ಎಂಬುದೊಂದು ಸಿಕ್ಕರೆ ಸಾಕು, ಬೂಟು ಎಲ್ಲಿ ಬಿಟ್ಟೆವೆಂಬುದೂ ನೆನಪಿರುವುದಿಲ್ಲ. ಒಂದು ಗಳಿಗೆಯಲ್ಲಿ ಎಲ್ಲರೂ ಬರಿಗಾಲಲ್ಲಿದ್ದರು.

ಮೇಘಾ ಎಂಬ ಐದು ವರ್ಷದ ಹುಡುಗಿಯ ಹಸಿರು ಬಳೆ ಗೋಡೆಯ ಬುಡದ ಕಲ್ಲುಮಣ್ಣಿನ ಮೇಲೆ ಬಿತ್ತು. ಅದರಲ್ಲಿ ನೆಲಕ್ಕಂಟಿದ ಒಂದು ಬಡಕಲು ಬಳ್ಳಿ ಬಿಟ್ಟರೆ ಏನೂ ಇರಲಿಲ್ಲ. ಅವಳು ತುಟಿ ಬಿಗಿದು, “ಮುಝೆ ದೂಸ್ರಾ ಪಾಹಿಜೆ” ಎಂದು ಬೇರೆ ಜಾಗ ಕೇಳಿದಳು. ಇನ್ನೊಮ್ಮೆ ಎಸೆಯುವ ಹಾಗಿಲ್ಲ, ನಾಳೆ ಬಂದು ನೋಡು ಎಂದೆ. ಅವಳು ನನ್ನೊಡನೆ ಮಾತು ಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಬಳೆಯ ಮುಂದೆ ಕೂತವಳು ಅವಳೇ. ಕಿರುಚಿದ್ದೂ ಅವಳೇ. “ಆಜೀ, ಜಲ್ದಿ ಬರ್ರಿ! ನೀಲಾ ಆಗ್ಯಾವ!” ಅದು ವಿಷ್ಣುಕ್ರಾಂತಿ. ಅಂಗಿಯ ಗುಂಡಿಗಿಂತ ಚಿಕ್ಕ ಹೂವು, ಕಡುನೀಲಿ. ಹೆಸರು ಹೇಳಿಕೊಟ್ಟೆ. ಆ ಹೆಸರು ಉದ್ದವಾಯಿತೆಂದು ಅವಳು “ಛೋಟು ನೀಲಾ”, ಪುಟ್ಟ ನೀಲಿ, ಎಂದು ತಾನೇ ಹೆಸರಿಟ್ಟಳು. ಆ ದಿನ ಮಕ್ಕಳಿಗೆ ತುಂಬೆ ಹೂವಿನ ಬುಡದಿಂದ ಜೇನು ಹೀರಲು ಕಲಿಸಿದೆ. ಉದುರಿದ ಶಂಖಪುಷ್ಪವನ್ನು ಕಾಗದಕ್ಕೆ ತಿಕ್ಕಿದರೆ ನೀಲಿ ಬಣ್ಣ, ಅದರ ಮೇಲೆ ನಿಂಬೆಹಣ್ಣು ಹಿಂಡಿದರೆ ಗುಲಾಬಿ. ಅದನ್ನು ಕಂಡು ಒಬ್ಬ ಹುಡುಗ ನನ್ನನ್ನು ಜಾದೂಗಾರಳೆಂದೇ ತಿಳಿದ. ಆ ಬಣ್ಣಗಳಲ್ಲೇ ಎಲ್ಲರೂ ಚಿತ್ರ ಬರೆದರು. ಮನೆಗೆ ಮರಳಿದಾಗ ಮಣ್ಣು ಮೆತ್ತಿದ ನಮ್ಮ ಚೀಲ ನೋಡಿ ಶಿವಾನಂದನಿಗೆ ತಡೆಯಲಾಗಲಿಲ್ಲ. ಅದರಲ್ಲಿ ಮಿಕ್ಕಿದ್ದ ಬಳೆಗಳನ್ನೆಲ್ಲ ಸೋಪು ಹಾಕಿ ತೊಳೆದು ದಾರಕ್ಕೆ ಪೋಣಿಸಿ ತೂಗುಹಾಕಿದ. ನಾವಿಬ್ಬರೂ ನಕ್ಕೆವು.

ಅಂದು ಸಂಜೆ ಸಂಘದ ಅಧ್ಯಕ್ಷ ಪಾಟೀಲರು ಮನೆಗೆ ಬಂದರು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಗಟ್ಟಿ ದನಿ. ಮಕ್ಕಳು ಹೂವು ತೋರಿಸುವ ರವಿವಾರದ ಕಾರ್ಯಕ್ರಮಕ್ಕೆ ಸಿವಿಲ್ ಲೈನ್ಸ್‌ನಲ್ಲಿ ಬಂಗಲೆಯಿರುವ ನಮ್ಮವರೇ ಆದ ದೊಡ್ಡ ಅಧಿಕಾರಿಯನ್ನು ಕರೆದಿದ್ದರು. “ಹತ್ತೂವರಿಗೆ ಇಟ್ಕೊಳ್ಳೂಣ್ರಿ” ಎಂದರು. ನಾನು ಒಪ್ಪಲಿಲ್ಲ. ಕನ್ನೆಸೊಪ್ಪಿನ ಹೂವು, ಮೇಘಾಳ ವಿಷ್ಣುಕ್ರಾಂತಿ ಎರಡೂ ಮಧ್ಯಾಹ್ನದ ಬಿಸಿಲಿಗೆ ಮುಚ್ಚಿಕೊಳ್ಳುತ್ತವೆ. ಅಧಿಕಾರಿಗಳು ತಡವಾಗಿ ಬಂದು, ಭಾಷಣವಾಗಿ, ಮಕ್ಕಳ ಸರದಿ ಬರುವಷ್ಟರಲ್ಲಿ ತೋರಿಸಲು ಏನೂ ಇರುವುದಿಲ್ಲ. ಎಂಟಕ್ಕೇ ಆಗಬೇಕೆಂದು ಹಟ ಹಿಡಿದೆ. ಪಾಟೀಲರು ಚಹಾ ಮುಗಿಸಿ, “ಬರೋಬರ್. ಎಂಟಕ್ಕಂದ್ರ ಹಿಂದಿನ ದಿನಾನ ಎಲ್ಲಾ ತಯಾರಿ ಆಗಬೇಕು” ಎಂದು ಶಿವಾನಂದನ ಕಡೆ ನೋಡಿದರು. “ಅದು ನನ್ನ ಕಡೆ ಬಿಡ್ರಿ” ಎಂದ ಅವನು. ಗೆದ್ದೆ ಎಂದುಕೊಂಡು ನಾನು ಇನ್ನೊಂದು ಲೋಟ ಚಹಾ ಕುಡಿದೆ.

ಶನಿವಾರ ಬೆಳಿಗ್ಗೆ ಮಕ್ಕಳಿಂದ ತಾಲೀಮು ಮಾಡಿಸಿದೆವು. ಒಂದೊಂದು ಮಗುವೂ ತಾಯಿಯ ಕೈ ಹಿಡಿದು ತನ್ನ ಬಳೆಯ ಹತ್ತಿರ ಕರೆತಂದು, ಕೂಡಿಸಿ, ತೋರಿಸಬೇಕು. ಅಷ್ಟೇ. ಗಿರಿಜಾ ತಾಯಿಯಾಗಿ ನಟಿಸಿದಳು. ಮೇಘಾ ಅವಳ ತಲೆಯನ್ನೇ ಹಿಡಿದು ಬಗ್ಗಿಸಿ ಹೂವು ತೋರಿಸಿದಳು. “ಹಿಂಗ ತಲಿ ಬಗ್ಗಿಸಿದ್ರ ಆತಕ್ಕಾ, ಸಿಮೆಂಟ್ ಮುಗೀತು” ಎಂದಳು ಗಿರಿಜಾ. ಅವಳು ಹಾಗೆ ನಕ್ಕಿದ್ದನ್ನು ನಾನು ಅವಳ ಮದುವೆಯ ನಂತರ ನೋಡಿರಲಿಲ್ಲ. ಬಳೆಗಳನ್ನು ಅವುಗಳ ಜಾಗದಲ್ಲೇ ಬಿಟ್ಟು ಬಂದೆವು.

ಮಧ್ಯಾಹ್ನ ಶಿವಾನಂದ ಗೆಳೆಯನ ಮಾರುತಿ ವ್ಯಾನು ತರಿಸಿ, ನಮ್ಮಿಬ್ಬರನ್ನೂ ಖಾಪರಖೇಡಾಕ್ಕೆ ಕಳಿಸಿದ. ಅಲ್ಲಿನ ವಿದ್ಯುತ್ ಕೇಂದ್ರದ ಕಾಲೋನಿಯಲ್ಲಿ ನಮ್ಮ ಬೈಲಹೊಂಗಲದ ಕಡೆಯ ಒಂದು ಕುಟುಂಬವಿತ್ತು. ಊಟಕ್ಕೆ ಬಹಳ ದಿನದಿಂದ ಕರೆಯುತ್ತಿದ್ದರಂತೆ. “ನೀನೂ ಬಾರಪ್ಪ” ಎಂದು ನಾನಂದರೆ, “ನನಗ ಭಾಳ ಕೆಲಸೈತಿ” ಎಂದು ನಕ್ಕ. ದೂರದಿಂದಲೇ ಚಿಮಣಿಗಳು ಕಂಡವು. ಎಣಗಾಯಿ, ರೊಟ್ಟಿ, ಗುರೆಳ್ಳು ಚಟ್ನಿ. ಆ ಮನೆಯಾಕೆ ಮೂರು ಸಲ ಬಡಿಸಿದಳು. ದಾರಿಯ ಪಕ್ಕ ಬೆಳೆದಿದ್ದ ಅಣ್ಣೆಸೊಪ್ಪಿನ ಗುಲಾಬಿ ಕುಚ್ಚುಗಳನ್ನು ವ್ಯಾನು ನಿಲ್ಲಿಸಿ ನೋಡುತ್ತ, ಮರಳಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಶಿವಾನಂದ ಆಗಷ್ಟೇ ಸ್ನಾನ ಮಾಡಿ ಕೂತಿದ್ದ. ಅಂಗೈಯಲ್ಲಿ ಬೊಕ್ಕೆಗಳೆದ್ದಿದ್ದವು. ಕೇಳಿದರೆ ಹೇಳಲಿಲ್ಲ.

ರವಿವಾರ ಎಂಟಕ್ಕೆ ಇನ್ನೂ ಹೊತ್ತಿರುವಾಗಲೇ ನಾವು ಹೋದೆವು. ಗೇಟಿನಲ್ಲಿ ಗಿರಿಜಾ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ನಾನು ಅವಳ ಬೆನ್ನಿಗೆ ಹಾಯ್ದೆ.

ಅಲ್ಲಿ ಒಂದು ಎಲೆಯೂ ಇರಲಿಲ್ಲ. ಸಲಿಕೆಯಿಂದ ಬೇರುಸಹಿತ ಹೆರೆದು, ಗರಸು ಹರವಿ, ಉರುಳುಗಲ್ಲು ಓಡಿಸಿ, ನೀರು ಚಿಮುಕಿಸಿದ್ದರು. ಗೋಡೆಯ ಬಳ್ಳಿಯನ್ನೂ ಕಿತ್ತು ಸುಣ್ಣ ಬಳಿದಿದ್ದರು. ನಡುವೆ ಹೆಂಗಸರು ನಸುಕಿನಲ್ಲೇ ಬಂದು ಬಿಡಿಸಿದ ದೊಡ್ಡ ರಂಗೋಲಿ. ಅದರಲ್ಲಿ ಬಣ್ಣಬಣ್ಣದ ಹೂವುಗಳು, ಯಾವ ಗಿಡದಲ್ಲೂ ಬಿಡದಂಥವು. ನಮ್ಮ ಜನ ಅತಿಥಿ ಬರುತ್ತಾರೆಂದರೆ ಮೊದಲು ಮಾಡುವುದು ಇದನ್ನೇ. ನಾನೂ ನನ್ನ ಅಂಗಳದಲ್ಲಿ ಜೀವಮಾನವೆಲ್ಲ ಮಾಡಿದ್ದೇನೆ. ಆದರೂ ಇದು ನನಗೆ ಹೊಳೆದಿರಲಿಲ್ಲ.

ಶಿವಾನಂದ ಹೊಸ ಸಫಾರಿ ಹಾಕಿಕೊಂಡು ಓಡಿ ಬಂದ. “ನೋಡ್ರಿ ಅಕ್ಕಾವ್ರ, ಹೆಂಗ ಚೊಕ್ಕ ಆಗೇತಿ! ನಿನ್ನೆ ಆಳು ಹಚ್ಚಿ, ನಾನೂ ಅವರ ಸಂಗಾಟ ನಿಂತು ಮಾಡಿಸೇನಿ. ನಿಮಗ ಸರ್ಪ್ರೈಸ್ ಇರ್ಲಿ ಅಂತನ ಖಾಪರಖೇಡಾಕ್ಕ ಕಳಿಸಿದ್ದೆ.”

“ಹೂವು?” ಎಂದೆ.

“ಬರಾಕತ್ಯಾವ್ರಿ. ಸೀತಾಬರ್ಡಿ ಪ್ಯಾಟ್ಯಾಗ ಆರ್ಡರ್ ಕೊಟ್ಟೇನಿ, ಗ್ಲ್ಯಾಡಿಯೋಲಸ್. ಹುಡುಗ್ರು ಬರದ ಚಿತ್ರ ಎಲ್ಲಾ ಒಳಗ ಬೋರ್ಡಿಗೆ ಹಚ್ಚೇವಿ. ಆ ಹುಲ್ಲಾಗ ಹಾವಿದ್ರ ಏನ ಮಾಡ್ತಿದ್ರಿ? ಸಾಹೇಬ್ರ ಬರ್ತಾರ, ಹೆಣ್ಮಕ್ಕಳು ರೇಶ್ಮಿ ಸೀರಿ ಉಟಗೊಂಡು ಬರ್ತಾರ.” ಆಮೇಲೆ ಏನೋ ನೆನಪಾದವನಂತೆ ಒಳಗೆ ಹೋಗಿ, ಹುಲ್ಲಿನಿಂದ ಹೆಕ್ಕಿ ತೊಳೆದು ದಾರಕ್ಕೆ ಪೋಣಿಸಿದ ಬಳೆಗಳನ್ನು ತಂದು ಹೆಂಡತಿಯ ಕೈಗಿಟ್ಟ. “ನೀ ಹುಡುಗ್ರ ಬಳಿಗೋಳು ಕಳದ್ವು ಅಂತ ಚಿಂತಿ ಮಾಡಬ್ಯಾಡ. ಒಂದೂ ಕಳದಿಲ್ಲ.”

ನನಗೆ ಬಂದ ಸಿಟ್ಟು ಅಂಗಾಲಿನಿಂದ ಬಂತು. ಬಾಯಿ ತೆರೆದೆ. ಗಿರಿಜಾ ನನ್ನ ಮಣಿಕಟ್ಟು ಹಿಡಿದು ಹಾಲಿನ ಹಿಂದಕ್ಕೆ ಎಳೆದೊಯ್ದಳು. “ಅವರಿಗೇನೂ ಅನಬ್ಯಾಡಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ. ಲಗ್ನ ಆಗಿ ಇಷ್ಟ ವರ್ಷಕ್ಕ ಇದ ಮೊದಲ್ನೇ ಸಲ ನನ್ನ ಕೆಲಸಕ್ಕ ಕೈ ಹಚ್ಯಾರ.” ಅವಳ ಕೈಯಲ್ಲಿ ಬಳೆಗಳ ದಾರ ಹಾಗೇ ಇತ್ತು. ಅಲ್ಲೇ ಕಟ್ಟೆಯ ಪಕ್ಕ ಹೆರೆದ ಹಸಿರಿನ ರಾಶಿ ಬಿಸಿಲಿಗೆ ಬಾಡುತ್ತ ಬಿದ್ದಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಮುಚ್ಚಬಾರದಿತ್ತೆಂದು ಈಗಲೂ ಅನಿಸುತ್ತದೆ.

ಮಕ್ಕಳು ಬಂದರು. ಕೆಲವರಿಗೆ ಏನೂ ಅನಿಸಲಿಲ್ಲ. ಓಡಲು ಬಯಲು ಸಿಕ್ಕಿತೆಂದು ಕುಣಿದಾಡಿದರು. ಅದೂ ನನಗೆ ಸಂಕಟವೇ ಆಯಿತು. ಮೇಘಾ ಮಾತ್ರ ತನ್ನ ಹಸಿರು ಬಳೆ ಕೇಳಿ ತೆಗೆದುಕೊಂಡು ಗೋಡೆಯ ಬುಡಕ್ಕೆ ಹೋದಳು. ಅಂದಾಜಿನ ಮೇಲೆ ಅದನ್ನು ನೆಲಕ್ಕಿಟ್ಟು, ನಾವು ಕಲಿಸಿದ ಹಾಗೆ ಮಂಡಿಯೂರಿ ಕೂತಳು. ಫ್ರಾಕು ಹೊಲಸಾಗುತ್ತದೆ ಏಳು ಎಂದು ಅವಳ ತಾಯಿ ಕೂಗುತ್ತಲೇ ಇದ್ದಳು.

ಅಧಿಕಾರಿಗಳು ಹತ್ತೂವರೆಗೆ ಬಂದರು. ಮೈಸೂರು ಕಡೆಯವರು, ನಯವಾದ ಮಾತು. ಗ್ಲ್ಯಾಡಿಯೋಲಸ್ ಗುಚ್ಛ ಹಿಡಿದು ಬರುತ್ತಿದ್ದವರು ಮೇಘಾಳ ಹತ್ತಿರ ನಿಂತು, “ಏನು ಪುಟ್ಟಿ, ಏನಿದೆ ಅದರೊಳಗೆ?” ಎಂದು ಕೇಳಿದರು.

“ಛೋಟು ನೀಲಾ ಥಾ” ಎಂದಳು ಮೇಘಾ. “ಅಭೀ ನಹೀ ಹೈ.”

ಇತ್ತು, ಈಗಿಲ್ಲ. ಅವರು ಅವಳ ಕೆನ್ನೆ ತಟ್ಟಿ ನಕ್ಕರು. ಸುತ್ತಲಿದ್ದವರೆಲ್ಲ ನಕ್ಕರು. ಆಮೇಲೆ ಅವರು ಪರಿಸರ ರಕ್ಷಣೆಯ ಬಗ್ಗೆ ದೀರ್ಘವಾಗಿ ಮಾತಾಡಿದರು. ನಗರದ ನಡುವೆ ಇಷ್ಟು ಸ್ವಚ್ಛವಾದ ಜಾಗ ಕಂಡು ಸಂತೋಷವಾಯಿತೆಂದರು. ಚಪ್ಪಾಳೆ ಬಿತ್ತು. ಶಿವಾನಂದನ ಮುಖ ಕೆಂಪಾಯಿತು, ಸಂತೋಷದಿಂದ.

ಅತಿಥಿಗಳು ಹೋದ ಮೇಲೆ, ಉಪ್ಪಿಟ್ಟು, ಕಿತ್ತಳೆಯ ಸಂತ್ರಾ ಬರ್ಫಿ ಮುಗಿದ ಮೇಲೆ, ಅಲ್ಲೇ ಕುರ್ಚಿ ಹಾಕಿಕೊಂಡು ಸಂಘದ ಸಭೆ. ಪಾಟೀಲರು ಎದ್ದು ಆ ಜಾಗದ ಉದ್ದಗಲಕ್ಕೆ ಕೈ ಬೀಸಿದರು. “ಇಷ್ಟ ದೊಡ್ಡದೈತಿ ಅಂತ ನಿನ್ನೆ ತನಕ ನಮಗ ಗೊತ್ತ ಇರ್ಲಿಲ್ರಿ. ಎರಡು ಪಂಕ್ತಿ ಆರಾಮ ಕೂಡ್ತಾವ.” ನನಗೆ ತಡೆಯಲಾಗಲಿಲ್ಲ. ಸದಸ್ಯಳಲ್ಲದಿದ್ದರೂ ಎದ್ದು, ಇಲ್ಲಿ ಮಕ್ಕಳ ಹೂವುಗಳಿದ್ದವು, ಮಕ್ಕಳು ಅವನ್ನು ನಿಮಗೆ ತೋರಿಸಬೇಕಾಗಿತ್ತು ಎಂದೆ. ಹಿಂದಿನ ಸಾಲಿನಿಂದ ಒಬ್ಬರು ಬಹಳ ಮರ್ಯಾದೆಯಿಂದಲೇ ಕೇಳಿದರು: “ಎಲ್ಲಿ ಅದಾವ್ರೀ ಅಕ್ಕಾರ? ತೋರಸ್ರಲಾ.” ನಾನು ಕೂತೆ.

ಸಿಮೆಂಟು ಬೇಕೆನ್ನುವವರು ಕೈ ಎತ್ತಿ ಎಂದರು ಪಾಟೀಲರು. ಕೈಗಳು ಎದ್ದವು. ಶಿವಾನಂದ ಮೊದಲಿನವರಲ್ಲೇ ಎತ್ತಿದ, ಎತ್ತಿ ಪಕ್ಕಕ್ಕೆ ತಿರುಗಿ ಹೆಂಡತಿಯ ಕಡೆ ನಗುತ್ತ ನೋಡಿದ. ಗಿರಿಜಾ ಮಡಿಲಲ್ಲಿದ್ದ ಬಳೆಗಳ ದಾರವನ್ನು ಎಡಗೈಗೆ ಬದಲಿಸಿ, ಬಲಗೈ ಎತ್ತಿದಳು.

ಮನೆಗೆ ಬಂದು ನಾನು ನನ್ನ ಚೀಲ ಕಟ್ಟತೊಡಗಿದೆ. ಸಂಜೆ ಅಡುಗೆಮನೆಯಲ್ಲಿ ಅವಳೇ ಬೆನ್ನು ತಿರುಗಿಸಿಕೊಂಡು ಹೇಳಿದಳು: “ಇನ್ನ ಉಳಿಸಾಕ ಅಲ್ಲಿ ಏನಿತ್ತಕ್ಕಾ?” ಬೇರು ಇದ್ದರೂ ಇರಬಹುದು, ಬೀಜ ಮಣ್ಣಲ್ಲಿ ಉಳಿದಿರಬಹುದು, ಬರುವ ಮಳೆಗೆ ಏಳಬಹುದು ಎಂದು ಶಾಲೆಯಲ್ಲಾದರೆ ಹೇಳುತ್ತಿದ್ದೆ. ಬರುವ ಮಳೆಯೊಳಗೆ ಅಲ್ಲಿ ಸಿಮೆಂಟು ಬಿದ್ದಿರುತ್ತದೆ.

ಸೋಮವಾರ ಮಧ್ಯಾಹ್ನದ ರೈಲು. ಇಬ್ಬರೂ ಸ್ಟೇಷನ್ನಿಗೆ ಬಂದರು. ಶಿವಾನಂದ ಒಳಗೆ ಹತ್ತಿ ನನ್ನ ಸೀಟು ಒರೆಸಿದ, ಕಿಟಕಿಯ ಸರಳು ಒರೆಸಿದ. ಆಮೇಲೆ ಕಾಗದ ಸುತ್ತಿದ ದೊಡ್ಡದೊಂದು ಗ್ಲ್ಯಾಡಿಯೋಲಸ್ ಗುಚ್ಛ ಕೊಟ್ಟ. “ನಿಮಗ ಹೂವಂದ್ರ ಜೀವ ಅಂತ ಗಿರಿಜಾ ಹೇಳ್ತಿರ್ತಾಳ. ಕಾರ್ಯಕ್ರಮ ಚಲೋ ಆತಲ್ರಿ ಅಕ್ಕಾವ್ರ?” ಗಿರಿಜಾ ಅವನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು.

“ಚಲೋ ಆತಪ್ಪ” ಎಂದೆ.

ರೈಲು ಬಿಟ್ಟಿತು. ಮುಂದಿನ ಸ್ಟೇಷನ್ನು ಅಜನಿ ಬರುವಷ್ಟರಲ್ಲಿ, ಹಳಿಗಳ ನಡುವಿನ ಜಲ್ಲಿಯಲ್ಲಿ ಕನ್ನೆಸೊಪ್ಪು ದಟ್ಟವಾಗಿ ಬೆಳೆದದ್ದು ಕಂಡಿತು. ಹೊತ್ತು ಮಧ್ಯಾಹ್ನ ದಾಟಿದ್ದರಿಂದ ಒಂದು ಹೂವೂ ತೆರೆದಿರಲಿಲ್ಲ. ಎದುರಿಗೆ ಕೂತಿದ್ದ ಹೆಂಗಸು ನನ್ನ ಗುಚ್ಛವನ್ನು ಹೊಗಳಿ, ಏನು ಸಮಾರಂಭ ಎಂದು ಹಿಂದಿಯಲ್ಲಿ ಕೇಳಿದಳು. ಸಿಕಂದರಾಬಾದಿನಲ್ಲಿ ಅದನ್ನು ಬಿಟ್ಟುಬಿಡಬೇಕೆಂದಿದ್ದೆ, ಕೂಲಿಯವನು ಮರೆತಿರೆಂದು ಓಡಿ ತಂದುಕೊಟ್ಟ. ಧಾರವಾಡದಲ್ಲಿ ಮನೆಯ ಬೀಗ ತೆಗೆಯುವಾಗಲೂ ಆ ಹೂವುಗಳು ಬಾಡಿರಲಿಲ್ಲ. ಕಿತ್ತಳೆ ಎಲ್ಲಿ ಎಂದು ಕೇಳಲು ಬಂದ ಓಣಿಯವರಿಗೆ ಒಂದೊಂದು ಗ್ಲ್ಯಾಡಿಯೋಲಸ್ ಕೊಟ್ಟು ಕಳಿಸಿದೆ.